ಮೂರು ಗಂಟೆ

ತಟ್ಟೆಯ ನಡುವಿನ ಹಳದಿ ಚೀಟಿಯ ಮೇಲೆ
ಹೆಸರಿತ್ತಂತೆ. ನಾನು ಕಾಣುವ ಹೊತ್ತಿಗೆ
ಚಹಾದ ಕಲೆ, ಅದರೊಳಗೆ
ಹೊಟ್ಟೆಗೆ ಅಡ್ಡಗೆರೆ ಬಿದ್ದ ಒಂದು ಎಲ್,
ತಲೆಯ ಮೇಲೆ ಚುಕ್ಕಿ ಹೊತ್ತ ಒಂದು ಜೆಡ್.
'ಅವರಿಗೂ ಒತ್ತು, ಸೊನ್ನಿ ಅದಾವು ನೋಡು'
ಅಂದಿದ್ದ ಅಪ್ಪ,
ಅಷ್ಟಕ್ಕೇ ಆ ಭಾಷೆ ಅರ್ಧ ಬಂದವನಂತೆ.

ಅಪ್ಪ ಹಟ್ಟಿ ಗಣಿಯಲ್ಲಿ ವೈಂಡರ್.
ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತು
ಕಣ್ಣಿಗೆ ಕಾಣದ ಜನರನ್ನು
ಎರಡು ಸಾವಿರ ಅಡಿ ಇಳಿಸುವುದು, ಏರಿಸುವುದು.
ಗಂಟೆಯದೇ ಭಾಷೆ ಅಲ್ಲಿ.
ಒಂದು ಬಡಿದರೆ ನಿಲ್ಲು.
ಎರಡು ಬಡಿದರೆ ಇಳಿಸು.
ಮೂರು ಅಂದರೆ
ಈ ಸಲ ಕಲ್ಲಲ್ಲ, ಮಂದಿ ಅದಾರ, ಮೆಲ್ಲಗ.

ಯಂತ್ರ ಕೂರಿಸಲು ಪೋಲೆಂಡಿನಿಂದ ಬಂದವನು ಯಾನುಷ್.
ಕ್ಯಾಂಪಿನವರು ಎರಡೇ ದಿನಕ್ಕೆ
ಯಮನೂರಪ್ಪ ಮಾಡಿಬಿಟ್ಟರು.
ನಮ್ಮ ಮನೆಯ ಪುಂಡಿಪಲ್ಯ ಬಾಯಿಗಿಟ್ಟು
ಸುಮ್ಮನೆ ಕೂತಿದ್ದನಂತೆ ಬಹಳ ಹೊತ್ತು:
ಅವನ ಅವ್ವನೂ ಇಂಥದ್ದೇ ಹುಳಿಸೊಪ್ಪು ಕುದಿಸುತ್ತಿದ್ದಳಂತೆ.
ಹೊರಡುವ ದಿನ ಅಪ್ಪನ ಕೈಗಿಟ್ಟದ್ದು ಈ ತಟ್ಟೆ.
ಅವರ ಕವಿಯೊಬ್ಬನ ಪದ್ಯ,
ನೂರಿಪ್ಪತ್ತು ಮಂದಿ ಹಾಡಿದ್ದು,
ನುಡಿಸಿದವರು ಬೇರೆ.
ಅರ್ಥ ಏನು ಅಂತ ಕೇಳಿದರೆ
ಕೈಯಿಂದ ಕೆಳಗೆ ತೋರಿಸಿದ. ಆಮೇಲೆ ಮೇಲೆ.
ಗಣಿಯವರಿಗೆ ಅಷ್ಟು ಸಾಕು.

ನಮ್ಮ ಚರ್ಚಿನಲ್ಲಿ ಹಾಡುವವರು ಹನ್ನೊಂದು,
ಅದರಲ್ಲಿ ಇಬ್ಬರಿಗೆ ಯಾವಾಗಲೂ ರಾತ್ರಿ ಪಾಳಿ.
ಭಾನುವಾರ ಆರಾಧನೆ ಮುಗಿಸಿ ಉಳಿದವರು
ನಮ್ಮ ಕ್ವಾರ್ಟರ್ಸಿನ ಚಾಪೆ ತುಂಬ.
ಮೂರು ಗಂಟೆಯೊಳಗೆ ಕೇಳಿ ಮುಗಿಸಬೇಕು,
ಆಮೇಲೆ ನೆಲದಡಿ ಬ್ಲಾಸ್ಟಿಂಗ್.
ಒಮ್ಮೆ ಉಪದೇಶ ಉದ್ದವಾಯಿತು.
ಮೇಜು ನಡುಗಿತು, ಮುಳ್ಳು ಜಾರಿತು,
ಎರಡನೆಯ ಬದಿಗೆ ಗೀರು ಬಿತ್ತು.
ಅಲ್ಲಿಗೆ ಬಂದರೆ ಈಗಲೂ
ನೂರಿಪ್ಪತ್ತು ಮಂದಿ ಒಂದೇ ಮಾತಿಗೆ ಸಿಕ್ಕಿಬೀಳುತ್ತಾರೆ:
ನೋಡ್ಸ
ನೋಡ್ಸ
ನೋಡ್ಸ
'ಏನರೆ ನೋಡ್ಸ್ರೆಪ್ಪ ಅವರಿಗೆ,
ಎಷ್ಟೊತ್ತಾತು ಕೇಳಾಕತ್ತು'
ಅವ್ವ ಒಳಗಿನಿಂದ.
ಅಪ್ಪ ಉಗುರಿನಿಂದ ತಟ್ಟಿ ದಾಟಿಸುತ್ತಿದ್ದ.

ದಾಟಿದ ಮೇಲೆ ಹಾಡಿಲ್ಲ. ಪಿಟೀಲೂ ಇಲ್ಲ.
ಎಲ್ಲೋ ತೀರ ಹಿಂದೆ ನಿಂತು
ಯಾರೋ ಗಂಟೆ ಬಡಿಯುತ್ತಾರೆ.
ಒಂದು.
ಎರಡು.
ನಾನು ಅಪ್ಪನ ಬಲಗೈ ನೋಡುತ್ತಿದ್ದೆ.
ಮೂರು.
ಕುರ್ಚಿಯ ಕೈ ಹಿಡಿದ ಬೆರಳು
ಅಲ್ಲಿಲ್ಲದ ಬ್ರೇಕನ್ನು
ಒಂದೆಳೆ, ಇನ್ನೊಂದೆಳೆ ಸಡಿಲಿಸುತ್ತಿದ್ದವು,
ಗಂಡಸರ ದನಿ ತಳದಿಂದ ಏಳುತ್ತಿತ್ತು.
ಅವರು ಬೆಳಕಿಗೆ ಬಂದು ಬಾಯ್ತುಂಬ ಹಾಡುವತನಕ
ಅಪ್ಪ ಉಸಿರು ಬಿಟ್ಟದ್ದನ್ನು ನಾನು ಕಂಡಿಲ್ಲ.

ಒಂದೇ ಸಲ ಹೇಳಿದ್ದ, ಅದೂ ರೊಟ್ಟಿ ಮುರಿಯುತ್ತ:
ಕೇಜು ಹಗುರ ಬಂದರೆ ಹಗ್ಗಕ್ಕೆ ಗೊತ್ತಾಗುತ್ತದೆ.
ಹಗ್ಗದಿಂದ ಕೈಗೆ.
ಇಳಿಸಿದ್ದು ಎಷ್ಟು, ಎತ್ತಿದ್ದು ಎಷ್ಟು.
ಕೇಳಬಾರದು. ಎತ್ತಬೇಕು.
ಆಮೇಲೆ ಚಟ್ನಿ ಕೇಳಿದ.

ಮೊನ್ನೆ ರಾಯಚೂರಿನಲ್ಲಿ, ಕೃಷಿ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ,
ತೊಗರಿ ತಳಿ ನೋಡಲು ಬಂದ ಪೋಲಿಷ್ ಹೆಂಗಸಿಗೆ
ನಾಚಿಕೆ ಬಿಟ್ಟು ಆ ಮಾತು ಹಾಡಿ ತೋರಿಸಿದೆ.
ಎರಡು ಸಲ ಹಾಡಿಸಿದಳು.
ಆಮೇಲೆ ಅಂದಳು: ರಾತ್ರಿ.
ಬೇರೇನಿಲ್ಲವಾ?
ಇಲ್ಲ. ಬರೀ ರಾತ್ರಿ.

ಬಸ್ಸಿನಲ್ಲಿ ಲಿಂಗಸುಗೂರಿನವರೆಗೆ
ಅದನ್ನು ಹೇಗೆ ಹೇಳುವುದೆಂದು ಯೋಚಿಸಿದೆ.
ಇಪ್ಪತ್ತೆಂಟು ವರ್ಷ ಅವರು
ಏನನ್ನೂ ತೋರಿಸೆಂದು ಕೇಳಿರಲಿಲ್ಲ.
ಅವ್ವ ನಕ್ಕಳು.
ಅಪ್ಪ ಕನ್ನಡಕ ಒರೆಸುತ್ತ ಕೇಳಿದ:
'ರಾತ್ರಿ ಅಂದ್ರ, ಯಾವ ಪಾಳಿ?'

ತಟ್ಟೆ ಹಾಕಿದೆವು. ಗೀರು ಬಂತು.
ರಾತ್ರಿ ರಾತ್ರಿ ರಾತ್ರಿ
ನಾನು ಕೈ ಚಾಚಿದೆ ಅವಸರಕ್ಕೆ.
'ಏ ತಡಿ' ಅಂದ ಅಪ್ಪ,
'ಮಂದಿ ಅದಾರ.'